ಎಚ್1ಎನ್1 ಹಂದಿಜ್ವರ: ಗ್ರಾಮ ಪಂಚಾಯಿತಿ ಸದಸ್ಯರು ಅರಿತಿರಬೇಕಾದ ಅಂಶಗಳು

ಎಚ್1ಎನ್1 ವೈರಾಣುವಿನ ಈ ಜ್ವರವನ್ನು ವಿಶ್ವ ಆರೋಗ್ಯ ಸಂಸ್ಥೆಯು 2009ರ ಜೂನ್ 11ರಂದು ಜಾಗತಿಕ ಸಾಂಕ್ರಾಮಿಕವೆಂದು ಘೋಷಿಸಿತ್ತು. 2010ರ ಆಗಸ್ಟ್‌ನಲ್ಲಿ ಆ ಘೋಷಣೆ ಅಂತ್ಯಗೊಂಡರೂ ವೈರಾಣು ಉಳಿದಿದ್ದು, ಋತುಮಾನದ ಜ್ವರವಾಗಿ ಮರುಕಳಿಸುತ್ತಿದೆ.

ಹರಡುವ ಬಗೆ: ಹೆಸರು ಹಂದಿಯದಾದರೂ ರೋಗವು ಮನುಷ್ಯರಿಂದ ಮನುಷ್ಯರಿಗೆ, ಕೆಮ್ಮು-ಸೀನಿನ ಹನಿಗಳಿಂದಲೂ ಅವು ತಗುಲಿದ ಕೈಗಳಿಂದಲೂ ಹರಡುತ್ತದೆ. ಚೆನ್ನಾಗಿ ಬೇಯಿಸಿದ ಹಂದಿಮಾಂಸದಿಂದ ಬರುವುದಿಲ್ಲ. ಆದುದರಿಂದ ಹಂದಿ ಸಾಕುವ ಕುಟುಂಬಗಳನ್ನು ದೂಷಿಸುವುದಾಗಲಿ, ದೂರವಿಡುವುದಾಗಲಿ ಸಲ್ಲದು.

ಲಕ್ಷಣ ಮತ್ತು ಚಿಕಿತ್ಸೆ: ಜ್ವರ, ಕೆಮ್ಮು, ಗಂಟಲುನೋವು, ಮೈಕೈನೋವು ಮುಖ್ಯ ಲಕ್ಷಣಗಳು. ಹೆಚ್ಚಿನವರು ವಿಶ್ರಾಂತಿಯಿಂದಲೇ ಗುಣಮುಖರಾಗುವರು. ಆದರೆ ಗರ್ಭಿಣಿಯರು, 5 ವರ್ಷದೊಳಗಿನ ಮಕ್ಕಳು, 65 ದಾಟಿದವರು, ಉಬ್ಬಸ ಹಾಗೂ ಮಧುಮೇಹ ಉಳ್ಳವರಿಗೆ ಪ್ರಾಣಾಪಾಯ ಅಧಿಕ. ಒಸೆಲ್ಟಮಿವಿರ್ ಔಷಧಿಯನ್ನು 48 ಗಂಟೆಗಳೊಳಗೆ ಆರಂಭಿಸಿದಲ್ಲಿ ಹೆಚ್ಚು ಫಲಕಾರಿ. ಆದಕಾರಣ ಇಂಥವರು ಅಂಗಡಿ ಮಾತ್ರೆ ನುಂಗಿ ಕಾಯದೆ ಕೂಡಲೇ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ತೆರಳಬೇಕು. ಉಸಿರಾಟ ಕಷ್ಟವಾದಲ್ಲಿ 108ಕ್ಕೆ ಕರೆಮಾಡಬೇಕು.

ಸದಸ್ಯರ ಕರ್ತವ್ಯ:
1. ಆಶಾ ಕಾರ್ಯಕರ್ತೆಯೊಡನೆ ವಾರ್ಡಿನ ಗರ್ಭಿಣಿಯರ ಹಾಗೂ ದೀರ್ಘಕಾಲದ ರೋಗಿಗಳ ಮನೆಗಳಿಗೆ ಭೇಟಿ ನೀಡುವುದು.
2. ಶಾಲೆ, ಅಂಗನವಾಡಿಗಳಲ್ಲಿ ಕೈತೊಳೆಯಲು ನೀರು, ಸಾಬೂನು ಇರುವಂತೆ ನೋಡಿಕೊಳ್ಳುವುದು.
3. ಜ್ವರಪೀಡಿತರು ಸಂತೆ, ಜಾತ್ರೆಗಳಿಗೆ ಹೋಗದೆ ಸುಮಾರು 7 ದಿನ ಮನೆಯಲ್ಲಿರುವಂತೆ ಮನವೊಲಿಸುವುದು.
4. ಒಂದೇ ಓಣಿಯಲ್ಲಿ ಹಲವರಿಗೆ ಜ್ವರ ಕಂಡಲ್ಲಿ ಅದೇ ದಿನ ವೈದ್ಯಾಧಿಕಾರಿಗಳಿಗೆ ತಿಳಿಸುವುದು.