ಕುರುಡುಮಲೆಯ ಬಂಡೆಗಳ ನಡುವೆ: ಪ್ರೌಢಶಾಲೆಯ ಚಳಿಗಾಲದ ಸಾಹಸ ಶಿಬಿರ

ಶಿಕ್ಷಣವು ನಾಲ್ಕು ಗೋಡೆಗಳೊಳಗೆ ಮುಗಿಯುವುದಿಲ್ಲವೆಂಬ ಮಾತು ವಾರ್ಷಿಕೋತ್ಸವದ ವೇದಿಕೆಗಳಿಂದ ಪ್ರತಿವರ್ಷವೂ ಕೇಳಿಬರುತ್ತದೆ. ಆ ಮಾತನ್ನು ನಡೆಸಿ ತೋರಿಸಬೇಕಾದಾಗ ಮಾತ್ರ ಬಹುತೇಕ ಶಾಲೆಗಳು ಹಿಡಿಯುವ ದಾರಿ ಒಂದೇ. ಡಿಸೆಂಬರ್ ತಿಂಗಳಲ್ಲಿ ಬಸ್ಸೊಂದನ್ನು ಗೊತ್ತುಮಾಡಿ, ಮೂರು ನಾಲ್ಕು ದಿನಗಳಲ್ಲಿ ಹತ್ತಾರು ಊರುಗಳನ್ನು ಸುತ್ತಿಸಿ, ನಿದ್ರೆಗೆಟ್ಟ ಮಕ್ಕಳನ್ನು ಮನೆಗೆ ಮುಟ್ಟಿಸುವುದು. ಇದರಲ್ಲಿ ಆನಂದವಿಲ್ಲವೆಂದಲ್ಲ. ಆದರೆ ಒಂದೇ ಸ್ಥಳದಲ್ಲಿ ನಿಂತು, ಅಲ್ಲಿನ ನೆಲವನ್ನು ಕಾಲಿನಿಂದಲೂ ಕೈಯಿಂದಲೂ ಅರಿಯುವ ಶಿಬಿರವು ಪ್ರವಾಸಕ್ಕಿಂತ ಬೇರೆ ಬಗೆಯ ಶಿಕ್ಷಣ. ಕೋಲಾರ ಜಿಲ್ಲೆಯ ಶಾಲೆಗಳಿಗೆ ಅಂತಹ ಸ್ಥಳವನ್ನು ದೂರದಲ್ಲಿ ಹುಡುಕುವ ಅಗತ್ಯವಿಲ್ಲ. ಮುಳಬಾಗಿಲು ಪಟ್ಟಣದಿಂದ ಸುಮಾರು 10 ಕಿಲೋಮೀಟರ್ ದೂರದ ಕುರುಡುಮಲೆಯೇ ಸಾಕು.

ಕುರುಡುಮಲೆ ಎಂದೊಡನೆ ಜನರ ನೆನಪಿಗೆ ಬರುವುದು ಹದಿಮೂರು ಅಡಿಗೂ ಮಿಕ್ಕಿದ ಎತ್ತರದ ಗಣಪತಿಯ ಮೂರ್ತಿ. ದೇವತೆಗಳು ಕೂಡಿದ ಮಲೆಯಾದ್ದರಿಂದ ಇದು ‘ಕೂಡುಮಲೆ’ಯಾಗಿತ್ತೆಂದೂ, ಕಾಲಕ್ರಮದಲ್ಲಿ ಕುರುಡುಮಲೆಯಾಯಿತೆಂದೂ ಹೇಳುವುದುಂಟು. ಸಮೀಪದಲ್ಲೇ ಸೋಮೇಶ್ವರ ದೇವಾಲಯವಿದೆ. ಊರಿನ ಸುತ್ತಲೂ ಎದ್ದಿರುವುದು ಕೋಲಾರ ಸೀಮೆಯ ಕಣಶಿಲೆಯ ಬಂಡೆಗಳು. ಈ ಸೀಮೆಯ ಶಿಲೆಗಳ ವಯಸ್ಸನ್ನು ಭೂವಿಜ್ಞಾನಿಗಳು 250 ಕೋಟಿ ವರ್ಷಗಳಿಗೂ ಹೆಚ್ಚೆಂದು ಎಣಿಸುತ್ತಾರೆ. ಹಗಲಿನ ಬಿಸಿಲಿಗೆ ಹಿಗ್ಗಿ, ಇರುಳಿನ ತಂಪಿಗೆ ಕುಗ್ಗಿ, ಮಳೆನೀರಿಗೆ ಸವೆದು, ಇವು ಈರುಳ್ಳಿಯ ಸಿಪ್ಪೆಯಂತೆ ಪದರ ಪದರವಾಗಿ ಬಿಡುತ್ತವೆ. ದುಂಡನೆಯ ಗುಂಡುಗಳೂ, ಒಂದರ ಮೇಲೊಂದು ಕುಳಿತ ಕಲ್ಲುಗಳೂ, ನಡುವಣ ಗವಿಗಳೂ ಉಂಟಾದದ್ದು ಹೀಗೆಯೇ. ತರಗತಿಯ ಪಾಠದಲ್ಲಿ ‘ಶಿಥಿಲೀಕರಣ’ವೆಂದು ಬಾಯಿಪಾಠ ಮಾಡಿದ ಸಂಗತಿ ಇಲ್ಲಿ ಅಂಗೈಗೆ ತಾಗುತ್ತದೆ.

ಶಿಬಿರದ ವಿಚಾರವನ್ನು ಮುಂದುವರಿಸುವ ಮೊದಲು ಒಂದು ದುಃಖದ ಸಂಗತಿಯನ್ನು ನೆನೆಯಲೇಬೇಕು. 2024ರ ಡಿಸೆಂಬರ್ 10ರಂದು ಇದೇ ಮುಳಬಾಗಿಲು ತಾಲ್ಲೂಕಿನ ವಸತಿ ಶಾಲೆಯೊಂದರ ಮಕ್ಕಳು ಪ್ರವಾಸದಲ್ಲಿ ಮುರುಡೇಶ್ವರದ ಕಡಲತೀರಕ್ಕೆ ಹೋಗಿದ್ದಾಗ ನಾಲ್ವರು ವಿದ್ಯಾರ್ಥಿನಿಯರು ಅಲೆಗಳ ಪಾಲಾದರು. ಕೆರೆಕುಂಟೆಗಳ ಬಯಲುಸೀಮೆಯಲ್ಲಿ ಬೆಳೆದ ಮಕ್ಕಳಿಗೆ ಐನೂರು ಕಿಲೋಮೀಟರಿಗೂ ಆಚೆಯ ಸಮುದ್ರದ ಸ್ವಭಾವ ತಿಳಿದಿರುವುದೆಂತು? ಹಿಂದಕ್ಕೆ ಸರಿಯುವ ಅಲೆಯು ಕಾಲಡಿಯ ಮರಳನ್ನು ಸೆಳೆಯುತ್ತದೆಂಬುದನ್ನು ಪುಸ್ತಕದಿಂದ ಅರಿಯಲಾಗದು. ಇಂತಹ ಪ್ರತಿಯೊಂದು ದುರಂತದ ಬಳಿಕವೂ ಮಕ್ಕಳನ್ನು ಹೊರಗೆ ಕಳುಹಿಸುವುದೇ ಬೇಡವೆಂಬ ಕೂಗು ಏಳುತ್ತದೆ. ಹೆತ್ತವರ ಭಯ ಸಹಜವಾದುದು, ಗೌರವಿಸತಕ್ಕದ್ದು. ಆದರೆ ಹೊರಗಿನ ಲೋಕದ ಪರಿಚಯವೇ ಇಲ್ಲದೆ ಬೆಳೆದ ಮಗು ಒಂದಲ್ಲ ಒಂದು ದಿನ ಒಂಟಿಯಾಗಿ ಆ ನೀರಿನ ಅಂಚಿನಲ್ಲಿ ನಿಂತೇ ನಿಲ್ಲುತ್ತದೆ. ಆದುದರಿಂದ ಕೇಳಬೇಕಾದ ಪ್ರಶ್ನೆ ಮಕ್ಕಳನ್ನು ಕರೆದೊಯ್ಯಬೇಕೆ ಬೇಡವೆ ಎಂಬುದಲ್ಲ. ಕರೆದೊಯ್ಯುವ ಶಿಕ್ಷಕರಿಗೆ ಆ ನೆಲ ಗೊತ್ತಿದೆಯೆ ಎಂಬುದು.

ಸಾಹಸ ಶಿಕ್ಷಣದ ಚರಿತ್ರೆಯೂ ಈ ಪ್ರಶ್ನೆಯ ಸುತ್ತಲೇ ಬೆಳೆದಿದೆ. 1907ರಲ್ಲಿ ಬೇಡನ್ ಪೊವೆಲರು ಇಂಗ್ಲೆಂಡಿನ ಬ್ರೌನ್ಸೀ ದ್ವೀಪದಲ್ಲಿ ಸುಮಾರು ಇಪ್ಪತ್ತು ಹುಡುಗರೊಡನೆ ನಡೆಸಿದ ಶಿಬಿರದಿಂದ ಸ್ಕೌಟ್ ಚಳವಳಿ ಹುಟ್ಟಿತು. ಇದಕ್ಕಿಂತ ಬೋಧಪ್ರದವಾದುದು ಕುರ್ಟ್ ಹಾನ್ ಎಂಬ ಜರ್ಮನ್ ಶಿಕ್ಷಣತಜ್ಞರ ಪ್ರಯೋಗ. ಎರಡನೆಯ ಮಹಾಯುದ್ಧದಲ್ಲಿ ಹಡಗುಗಳು ಮುಳುಗಿದಾಗ, ಜೀವರಕ್ಷಕ ದೋಣಿಗಳಲ್ಲಿ ಬಲಿಷ್ಠರಾದ ತರುಣ ನಾವಿಕರು ಎದೆಗುಂದಿ ಸಾಯುತ್ತಿದ್ದರೆಂದೂ, ವಯಸ್ಸಾದ ನಾವಿಕರೇ ಹೆಚ್ಚಾಗಿ ಬದುಕುಳಿಯುತ್ತಿದ್ದರೆಂದೂ ಲಾರೆನ್ಸ್ ಹೋಲ್ಟ್ ಎಂಬ ಹಡಗುಸಂಸ್ಥೆಯ ಒಡೆಯರು ಕಂಡಿದ್ದರು. ತರುಣರಲ್ಲಿ ಕೊರತೆಯಾಗಿದ್ದುದು ದೇಹಬಲವಲ್ಲ. ಕಷ್ಟದಲ್ಲಿ ನಿಂತ ಅನುಭವ. ಇವರಿಬ್ಬರೂ ಕೂಡಿ 1941ರಲ್ಲಿ ವೇಲ್ಸಿನ ಅಬರ್ಡವಿಯಲ್ಲಿ ತೆರೆದ ಶಾಲೆಯೇ ‘ಔಟ್‌ವರ್ಡ್ ಬೌಂಡ್’ ಚಳವಳಿಯ ಮೂಲ. ಭಾರತದಲ್ಲಿ ಎವರೆಸ್ಟ್ ವಿಜಯದ ಮರುವರ್ಷ, 1954ರಲ್ಲಿ, ಡಾರ್ಜಿಲಿಂಗಿನ ಪರ್ವತಾರೋಹಣ ಸಂಸ್ಥೆ ಆರಂಭವಾಯಿತು. ಕರ್ನಾಟಕದಲ್ಲಿ ಕೊಡಗಿನ ವೀರ ಜನರಲ್ ತಿಮ್ಮಯ್ಯನವರ ಹೆಸರಿನ ಸಾಹಸ ಅಕಾಡೆಮಿಯು ಬಂಡೆ ಹತ್ತುವ ತರಬೇತಿ ನೀಡುವ ಸರ್ಕಾರಿ ಸಂಸ್ಥೆಯಾಗಿದೆ. ಹಗ್ಗ ಹಿಡಿಯುವ ಕೆಲಸವನ್ನು ಇಂತಹ ಕಡೆ ತರಬೇತಿ ಪಡೆದವರಿಗೇ ಒಪ್ಪಿಸಬೇಕು. ಉತ್ಸಾಹಿಯಾದ ವ್ಯಾಯಾಮ ಶಿಕ್ಷಕರೆಂಬ ಒಂದೇ ಅರ್ಹತೆ ಇಲ್ಲಿ ಸಾಲದು.

ಶಿಬಿರವು ನಿಜವಾಗಿ ಆರಂಭವಾಗುವುದು ಮಕ್ಕಳು ಹೊರಡುವುದಕ್ಕೆ ಒಂದು ತಿಂಗಳ ಮೊದಲು. ಇಬ್ಬರು ಶಿಕ್ಷಕರು ಕುರುಡುಮಲೆಗೆ ಹೋಗಿ, ಮಕ್ಕಳು ನಡೆಯಲಿರುವ ಪ್ರತಿಯೊಂದು ದಾರಿಯನ್ನೂ ತಾವೇ ನಡೆದು, ಕಾಗದದ ಮೇಲೆ ಬರೆದುಕೊಳ್ಳಬೇಕು. ಕುಡಿಯುವ ನೀರು ಎಲ್ಲಿದೆ, ವಾಹನ ಎಲ್ಲಿಯವರೆಗೆ ಬರುತ್ತದೆ, ಮೊಬೈಲಿನ ಸಂಕೇತ ಎಲ್ಲಿ ಸಿಗುವುದಿಲ್ಲ, ಹಾವಿನ ವಿಷಕ್ಕೆ ಮದ್ದು ಹತ್ತಿರದ ಯಾವ ಆಸ್ಪತ್ರೆಯಲ್ಲಿದೆ ಎಂಬುದನ್ನೆಲ್ಲ ವಿಚಾರಿಸಿಕೊಳ್ಳಬೇಕು. ಪಂಚಾಯಿತಿಯವರಿಗೂ ಅರಣ್ಯ ಸಿಬ್ಬಂದಿಗೂ ಮುಂಚಿತವಾಗಿ ತಿಳಿಸಬೇಕು. ಎಲ್ಲಕ್ಕಿಂತ ಮಿಗಿಲಾಗಿ ಊರಿನ ಕುರಿಗಾಹಿಗಳನ್ನು ಮಾತನಾಡಿಸಬೇಕು. ಯಾವ ಬಂಡೆಗೆ ಹೆಜ್ಜೇನು ಕಟ್ಟಿದೆ, ಯಾವ ಪೊದೆಯ ಕಡೆ ಚಿರತೆಯ ಸುಳಿವಿದೆ ಎಂಬುದು ಯಾವ ನಕ್ಷೆಯಲ್ಲಿಯೂ ಇರುವುದಿಲ್ಲ. ಈ ಭಾಗದಲ್ಲಿ ತೆಲುಗು ಬಲ್ಲ ಶಿಕ್ಷಕರೊಬ್ಬರು ಜೊತೆಗಿದ್ದರೆ ಆ ಮಾತುಕತೆ ಇನ್ನಷ್ಟು ಸಲೀಸು.

ದಿನಗಳ ಆಯ್ಕೆಯೂ ಮುಖ್ಯ. ಕೋಲಾರ ಸೀಮೆಗೆ ಹಿಂಗಾರು ಮಳೆ ನವೆಂಬರಿನವರೆಗೂ ಸುರಿಯುತ್ತದೆ. ಬಂಗಾಳ ಕೊಲ್ಲಿಯಲ್ಲಿ ವಾಯುಭಾರ ಕುಸಿದರೆ ಡಿಸೆಂಬರಿನಲ್ಲಿಯೂ ಜಿಟಿಜಿಟಿ ಹಿಡಿಯುವುದುಂಟು. ನೆನೆದ ಬಂಡೆಯ ಮೇಲಿನ ಪಾಚಿ ಸಾಬೂನಿಗಿಂತ ಹೆಚ್ಚು ಜಾರುತ್ತದೆ. ಸಂಕ್ರಾಂತಿಯ ಆಸುಪಾಸಿನ ವಾರಗಳೇ ಉತ್ತಮ. ರಾತ್ರಿಯ ಚಳಿ 15 ಡಿಗ್ರಿಗೂ ಕೆಳಗೆ ಇಳಿಯಬಹುದಾದ್ದರಿಂದ ಕಂಬಳಿಯೊಂದು ಪ್ರತಿಯೊಬ್ಬರಿಗೂ ಬೇಕು. ಹಗಲಿನಲ್ಲಿಯಾದರೋ ಹನ್ನೊಂದು ಗಂಟೆಯ ನಂತರ ಬಂಡೆ ಕಾದ ಹೆಂಚಾಗುತ್ತದೆ. ಹತ್ತುವ ಅಭ್ಯಾಸವನ್ನು ಬೆಳಗಿನ ಏಳರಿಂದ ಹತ್ತೂವರೆಯೊಳಗೆ ಮುಗಿಸುವುದು ಲೇಸು.

ಮೊದಲ ದಿನದ ಪಾಠದಲ್ಲಿ ಹಗ್ಗಕ್ಕೆ ಸ್ಥಾನವಿಲ್ಲ. ಅಂದು ಮಕ್ಕಳನ್ನು ಸೋಮೇಶ್ವರ ದೇವಾಲಯಕ್ಕೆ ಕರೆದೊಯ್ಯಬೇಕು, ಹತ್ತುವುದಕ್ಕಲ್ಲ, ನೋಡುವುದಕ್ಕೆ. ಅದರ ಗೋಡೆ, ಕಂಬ, ಪ್ರಾಕಾರಗಳ ಮೇಲೆ ಕಾಲಿಡುವುದು ಸಲ್ಲದೆಂದು ಮೊದಲೇ ಸ್ಪಷ್ಟವಾಗಿ ಹೇಳಿಬಿಡುವುದು ಒಳ್ಳೆಯದು. ಈ ದೇವಾಲಯದ ಕೆತ್ತನೆಯಲ್ಲಿ ಜಕಣಾಚಾರಿಯ ಕೈಯೂ ಅವನ ಮಗ ಡಂಕಣನ ಕೈಯೂ ಇದೆಯೆಂದು ಸ್ಥಳೀಯರು ನಂಬುತ್ತಾರೆ. ತಂದೆ ಕೆತ್ತಿದ ವಿಗ್ರಹದ ಕಲ್ಲಿನಲ್ಲಿ ದೋಷವಿದೆಯೆಂದು ಮಗನು ತೋರಿಸಿಕೊಟ್ಟ ಕಥೆ ಬೇಲೂರಿನದು. ಲೇಪಿಸಿದ ಗಂಧವು ಒಂದೆಡೆ ಮಾತ್ರ ಒಣಗದೆ ಉಳಿದು, ಅಲ್ಲಿ ಕಪ್ಪೆಯೊಂದು ಹೊರಬಂದಿತೆಂಬುದನ್ನು ಕನ್ನಡದ ಮಕ್ಕಳೆಲ್ಲರೂ ಕೇಳಿದ್ದಾರೆ. ಚರಿತ್ರಕಾರರು ಇದನ್ನು ಒಪ್ಪದಿರಬಹುದು; ಬಂಡೆ ಹತ್ತುವವನಿಗೆ ಇದಕ್ಕಿಂತ ಒಳ್ಳೆಯ ಪೀಠಿಕೆ ದೊರೆಯದು. ಕಲ್ಲು ಹೊರಗೆ ಗಟ್ಟಿಯಾಗಿ ಕಂಡರೂ ಒಳಗೆ ಟೊಳ್ಳಿರಬಹುದು. ಪದರ ಬಿಟ್ಟ ಬಂಡೆಯನ್ನು ಗಿಣ್ಣಿನಿಂದ ತಟ್ಟಿದರೆ ಒಡೆದ ಗಡಿಗೆಯ ಸದ್ದು ಬರುತ್ತದೆ. ಅಂತಹ ಪದರದ ಮೇಲೆ ಭಾರ ಹಾಕಕೂಡದು. ಅಂದಿನ ಸಂಜೆ ಮಕ್ಕಳು ಬಂಡೆಗಳನ್ನು ತಟ್ಟುತ್ತ, ಕಿವಿಗೊಟ್ಟು ಕೇಳುತ್ತ ತಿರುಗಾಡಲಿ. ನೋಡುವವರಿಗೆ ಹುಚ್ಚಾಟದಂತೆ ಕಂಡರೆ ಕಾಣಲಿ.

ಎರಡನೆಯ ದಿನ ಆಳೆತ್ತರ ಮೀರದ ಗುಂಡುಗಳ ಮೇಲೆ ಅಭ್ಯಾಸ. ಎರಡು ಕೈ, ಎರಡು ಕಾಲು, ಈ ನಾಲ್ಕರಲ್ಲಿ ಮೂರು ಯಾವಾಗಲೂ ಬಂಡೆಯ ಮೇಲಿರಬೇಕು; ಒಂದು ಮಾತ್ರ ಚಲಿಸಬೇಕು. ಹೊಸಬರು ಭಯದಿಂದ ಬಂಡೆಗೆ ಎದೆಯೊತ್ತಿ ಮಲಗುತ್ತಾರೆ. ಹಾಗೆ ಮಾಡಿದೊಡನೆ ಪಾದ ಜಾರುತ್ತದೆ. ಇಳಿಜಾರು ಬಂಡೆಯ ಮೇಲೆ ನೆಟ್ಟಗೆ ನಿಂತಾಗಲೇ ದೇಹದ ಭಾರವೆಲ್ಲ ಪಾದದ ಮೇಲೆ ಬಿದ್ದು ಹಿಡಿತ ಸಿಗುವುದು. ಘರ್ಷಣೆಯ ನಿಯಮವನ್ನು ವಿಜ್ಞಾನ ಶಿಕ್ಷಕರು ಅಲ್ಲಿಯೇ ನಿಲ್ಲಿಸಿ ಕೇಳಬಹುದು. ಹತ್ತುವುದಕ್ಕಿಂತ ಇಳಿಯುವುದು ಕಷ್ಟ. ಆದುದರಿಂದ ಇಳಿಯುವುದನ್ನೇ ಮೊದಲು ಕಲಿಸಬೇಕು.

ಹಗ್ಗದ ಸರದಿ ಮೂರನೆಯ ದಿನದ್ದು. ಬಾವಿಯ ಹಗ್ಗ, ಲಾರಿಗೆ ಸಾಮಾನು ಕಟ್ಟುವ ಹಗ್ಗ ಇವು ಮನುಷ್ಯರ ಭಾರಕ್ಕೆ ಆದುವಲ್ಲ. ಪರ್ವತಾರೋಹಣಕ್ಕೆಂದೇ ಪರೀಕ್ಷಿಸಿ ಮುದ್ರೆಯೊತ್ತಿದ ನೈಲಾನ್ ಹಗ್ಗವೇ ಬೇಕು. ಅದನ್ನು ಕೊಂಡ ದಿನ, ಬಳಸಿದ ದಿನಗಳು ಒಂದು ಪುಸ್ತಕದಲ್ಲಿ ದಾಖಲಾಗಬೇಕು. ಭಾರಿ ಬೀಳುವಿಕೆಯೊಂದನ್ನು ತಡೆದ ಹಗ್ಗವನ್ನು ಮತ್ತೆ ಬಳಸಕೂಡದು. ಮೇಲೆ ಹಗ್ಗವನ್ನು ಒಂದಕ್ಕೊಂದು ಸಂಬಂಧವಿಲ್ಲದ ಎರಡು ಆಧಾರಗಳಿಗೆ ಬಿಗಿಯಬೇಕು. ಇಳಿಯುವ ಹಗ್ಗವಲ್ಲದೆ ಕಾವಲಿನ ಹಗ್ಗವೊಂದು ಬೇರೆಯವರ ಕೈಯಲ್ಲಿರಬೇಕು. ಸೊಂಟದ ಪಟ್ಟಿಗೆ ಹಾಕುವ ಗಂಟು ಎಂಟರ ಆಕಾರದ್ದು. ಇಂಗ್ಲಿಷ್ ಅಂಕಿಯ ಎಂಟು, ಕನ್ನಡದ ಎಂಟಲ್ಲವೆಂದು ಮಕ್ಕಳಿಗೆ ತಿಳಿಸಿದರೆ ನಗುತ್ತಲೇ ನೆನಪಿಟ್ಟುಕೊಳ್ಳುತ್ತಾರೆ. ಕಟ್ಟಿಕೊಂಡವರು ಒಮ್ಮೆ, ಜೊತೆಗಾರರು ಒಮ್ಮೆ, ತರಬೇತುದಾರರು ಒಮ್ಮೆ, ಹೀಗೆ ಮೂರು ಬಾರಿ ಗಂಟನ್ನು ಮುಟ್ಟಿ ನೋಡಬೇಕು. ತಲೆಗೆ ಹೆಲ್ಮೆಟ್ಟಿಲ್ಲದೆ ಬಂಡೆಯ ಬುಡದಲ್ಲಿ ಕೂಡ ಯಾರೂ ನಿಲ್ಲಕೂಡದು. ದಾನಿಗಳು ಈ ಬಗೆಯ ಶಿಬಿರಕ್ಕೆ ನೆರವಾಗುವುದಾದರೆ, ಬ್ಯಾನರು ಟೋಪಿಗಳಿಗೆ ಬದಲಾಗಿ ಹಗ್ಗಕ್ಕೂ ಹೆಲ್ಮೆಟ್ಟಿಗೂ ಹಣ ಕೊಡುವುದು ಮೇಲು. ಹಳೆಯ ವಿದ್ಯಾರ್ಥಿಗಳಲ್ಲಿ ವೈದ್ಯರಾದವರು, ಸೈನ್ಯದಲ್ಲಿ ದುಡಿದವರು ಮೂರು ದಿನ ಬಂದು ಜೊತೆಗಿದ್ದರೆ ಅದು ಹಣಕ್ಕಿಂತ ದೊಡ್ಡ ಕಾಣಿಕೆ.

ಬಂಡೆಗಿಂತ ಹೆಚ್ಚು ಎಚ್ಚರ ಬೇಕಾದುದು ನೀರಿನ ಬಳಿ. ಕಲ್ಲುಕ್ವಾರಿಯ ಹಳೆಯ ಗುಂಡಿಗಳಲ್ಲಿ ಮಳೆನೀರು ತಿಳಿಯಾಗಿ ನಿಂತಿರುತ್ತದೆ. ಅಂಚಿನಿಂದ ಒಂದು ಹೆಜ್ಜೆಗೇ ಆಳ. ಹತ್ತಿಬರಲು ನುಣುಪಾದ ಗೋಡೆ. ಇಂತಹ ಗುಂಡಿ, ಕೆರೆ, ಕಲ್ಯಾಣಿಗಳಿಗೆ ಮಕ್ಕಳು ಇಳಿಯದಂತೆ ಕಾವಲಿರಬೇಕು; ಈಜು ಬಲ್ಲೆನೆನ್ನುವವರಿಗೂ ವಿನಾಯಿತಿಯಿಲ್ಲ. ಹೆಜ್ಜೇನಿನ ಬಂಡೆಯ ಬಳಿ ಹೊಗೆ, ಗದ್ದಲ, ಸುಗಂಧದೆಣ್ಣೆ ಮೂರೂ ಕೂಡದು. ಕೊಳಕುಮಂಡಲ ಹಾವು ಚಳಿಗಾಲದಲ್ಲಿಯೂ ಇರುಳು ಸಂಚರಿಸುವುದರಿಂದ ಬ್ಯಾಟರಿಯಿಲ್ಲದೆ ಯಾರೂ ಕತ್ತಲಲ್ಲಿ ಕಾಲಿಡಬಾರದು. ಕಚ್ಚಿದರೆ ಕಟ್ಟುವುದು, ಕೊಯ್ಯುವುದು, ಹೀರುವುದು ಯಾವುದೂ ಬೇಡ. ಅಲುಗಾಡಿಸದೆ ಆಸ್ಪತ್ರೆಗೆ ಸಾಗಿಸುವುದೇ ಚಿಕಿತ್ಸೆ. ಪ್ರತಿಯೊಂದು ಮಗುವಿನ ಕೊರಳಿನಲ್ಲಿಯೂ ಒಂದು ಸೀಟಿ ಇರಲಿ. ನಿಮಿಷಕ್ಕೆ ಆರು ಬಾರಿ ಊದಿದರೆ ಅಪಾಯದ ಕರೆಯೆಂಬುದು ಪರ್ವತಾರೋಹಿಗಳ ಅಂತರರಾಷ್ಟ್ರೀಯ ಸಂಕೇತ. ಮೂರು ಬಾರಿ ಊದುವುದು ಅದಕ್ಕೆ ಉತ್ತರ.

ಸಂಜೆಯ ಕಾರ್ಯಕ್ರಮಕ್ಕೆ ಧ್ವನಿವರ್ಧಕ ಬೇಕಿಲ್ಲ. ಚಳಿಗಾಲವೆಂದರೆ ಕೋಲಾರಕ್ಕೆ ಅವರೆಯ ಕಾಲ. ಮಕ್ಕಳೇ ಸುತ್ತ ಕುಳಿತು ಅವರೆಕಾಯಿ ಸುಲಿದು, ನೆನೆಸಿದ ಕಾಳನ್ನು ಹಿದುಕಿ, ಸಾರಿಗೂ ರಾಗಿಮುದ್ದೆಗೂ ಅಣಿಮಾಡಲಿ. ಮುದ್ದೆ ಕಟ್ಟಲು ಹೋಗಿ ಕೈ ಸುಟ್ಟುಕೊಂಡ ಹುಡುಗನಿಗೆ ಮನೆಯ ತಾಯಿಯ ಬಗ್ಗೆ ಹುಟ್ಟುವ ಗೌರವ ಭಾಷಣದಿಂದ ಹುಟ್ಟುವುದಲ್ಲ. ಅಡಿಗೆ, ನೀರು ಹೊರುವುದು, ಪಾತ್ರೆ ತೊಳೆಯುವುದು ಇವುಗಳಲ್ಲಿ ಗಂಡು ಹೆಣ್ಣೆಂಬ ಭೇದವಾಗಲಿ, ಜಾಣ ದಡ್ಡನೆಂಬ ಭೇದವಾಗಲಿ ಇರಕೂಡದು. ಊಟವಾದ ಮೇಲೆ ದೀಪಗಳನ್ನು ಆರಿಸಿದರೆ ಆಕಾಶವೇ ಪಾಠ ಹೇಳುತ್ತದೆ. ಕೃತ್ತಿಕೆಯ ಗೊಂಚಲು, ಮಹಾವ್ಯಾಧನ ಸಾಲು ಮೂರು ಚುಕ್ಕೆ, ಅವು ತೋರುವ ದಿಕ್ಕಿಗೆ ಲುಬ್ಧಕ, ದಕ್ಷಿಣದಲ್ಲಿ ತಗ್ಗಾಗಿ ಅಗಸ್ತ್ಯ. ಈ ಅಗಸ್ತ್ಯ ನಕ್ಷತ್ರವು ಯುರೋಪಿನ ಬಹುಭಾಗಕ್ಕೆ ಕಾಣುವುದೇ ಇಲ್ಲ.

ಕೊನೆಯ ಬೆಳಗಿನ ಬೆಟ್ಟದ ನಡಿಗೆಯಲ್ಲಿ ಒಂದು ನಿಯಮವನ್ನು ಕಟ್ಟುನಿಟ್ಟಾಗಿ ಪಾಲಿಸುವುದು ಅವಶ್ಯಕ. ಹಿಂದಿರುಗುವ ಗಳಿಗೆಯನ್ನು ಹೊರಡುವ ಮೊದಲೇ ಗೊತ್ತುಮಾಡಿ, ಆ ಗಳಿಗೆ ಬಂದಾಗ ತುದಿ ನೂರು ಹೆಜ್ಜೆಯಲ್ಲಿದ್ದರೂ ತಿರುಗಿಬಿಡಬೇಕು. ಮಕ್ಕಳು ಗೊಣಗುತ್ತಾರೆ, ಕೆಲವರು ಅಳುವುದೂ ಉಂಟು. ಯಾರಾದರೂ ಹೆದರಿ ಹಗ್ಗಕ್ಕೆ ಇಳಿಯಲಾರೆನೆಂದರೆ ಅವರನ್ನು ಗೇಲಿಮಾಡುವ ಹಕ್ಕು ಶಿಕ್ಷಕರಿಗೂ ಇಲ್ಲ. ‘ಬೇಡ’ ಎನ್ನುವುದನ್ನು ಗೆಳೆಯರೆದುರು ಹೇಳಬಲ್ಲ ಮಗುವೇ ನಾಳೆ ಕಡಲತೀರದಲ್ಲಿ ಇತರರ ಕೈಹಿಡಿದು ಹಿಂದಕ್ಕೆ ಎಳೆಯಬಲ್ಲದು.

ಹೊರಡುವಾಗ ಒಲೆಯ ಬೂದಿಯನ್ನು ನೀರೆರೆದು ಆರಿಸಿ, ಕಸವನ್ನು ಚೀಲಕ್ಕೆ ತುಂಬಿ, ಮಕ್ಕಳನ್ನು ಹೆಸರು ಹಿಡಿದು ಎಣಿಸಬೇಕು. ತಲೆಯೆಣಿಕೆ ಮಾತ್ರ ಸಾಲದು. ಬಸ್ಸು ಏರುವ ಮೊದಲು ಒಮ್ಮೆ, ಏರಿದ ಮೇಲೆ ಒಮ್ಮೆ. ದಾರಿಗಳ ನಕ್ಷೆ, ಹೆಜ್ಜೇನಿನ ಬಂಡೆಗಳ ಗುರುತು, ನಡೆದ ಸಣ್ಣಪುಟ್ಟ ತಪ್ಪುಗಳು ಇವೆಲ್ಲವನ್ನೂ ಆ ವಾರವೇ ಬರೆದು ಶಾಲೆಯ ಕಡತದಲ್ಲಿ ಇಡತಕ್ಕದ್ದು. ಮುಂದಿನ ವರ್ಷ ಹೋಗುವ ಶಿಕ್ಷಕರು ಬೇರೆಯವರಿರಬಹುದು.