ಕೋನ್ ಫಿಲ್ಟರ್ ಹಾಕಿದರೆ ಮೈಲೇಜ್ ಹೆಚ್ಚುತ್ತದೆಯೇ?

ಪ್ರಶ್ನೆ: ದೊಡ್ಡಬಳ್ಳಾಪುರದವನು. ಪೆಟ್ರೋಲ್ ಕಾರಿಗೆ ಕೋನ್ ಏರ್ ಫಿಲ್ಟರ್ ಹಾಕಿಸಿದೆ. ಸದ್ದು ಹೆಚ್ಚಾಯಿತು, ಮೈಲೇಜ್ ಏರಲಿಲ್ಲ. ದಿನಾ ಜಲ್ಲಿ ಲಾರಿಗಳ ದೂಳಿನಲ್ಲೇ ಓಡಾಟ. ಎಂಜಿನ್‌ಗೆ ತೊಂದರೆಯೇ?

ಉತ್ತರ: ಮೈಲೇಜ್ ಏರುವುದಿಲ್ಲ. ಒಳಬರುವ ಗಾಳಿಯನ್ನು ಸೆನ್ಸರ್ ಅಳೆಯುತ್ತದೆ, ಅದಕ್ಕೆ ತಕ್ಕಷ್ಟೇ ಪೆಟ್ರೋಲನ್ನು ಎಂಜಿನ್ನಿನ ಕಂಪ್ಯೂಟರ್ (ಇಸಿಯು) ಬಿಡುತ್ತದೆ. ನಿಮ್ಮ ಚಿಂತೆ ದೂಳಿನದಾಗಿರಲಿ. ನುಸುಳಿದ ಸಣ್ಣ ದೂಳು ಪಿಸ್ಟನ್ ರಿಂಗು, ಸಿಲಿಂಡರನ್ನು ಉಪ್ಪುಕಾಗದದಂತೆ ಉಜ್ಜಿ ಸವೆಸುತ್ತದೆ.

ಎಂಜಿನ್ ತಣ್ಣಗಾದ ಮೇಲೆ ಫಿಲ್ಟರ್ ಆಚೆಗೆ, ಎಂಜಿನ್ ಕಡೆಗಿನ ಪೈಪಿನೊಳಗೆ ಬಿಳಿ ಬಟ್ಟೆಯಿಂದ ಒರೆಸಿ ನೋಡಿ. ಕೆಮ್ಮಣ್ಣು ಅಂಟಿದರೆ ತಡಮಾಡದೆ ಕಂಪನಿಯ ಏರ್ ಫಿಲ್ಟರ್ ಬಾಕ್ಸ್, ಹೊಸ ಪೇಪರ್ ಫಿಲ್ಟರ್ ಹಾಕಿಸಿ. ಕೋನನ್ನೇ ಉಳಿಸಿಕೊಳ್ಳುವಿರಾದರೆ ಕ್ಲಾಂಪ್ ಬಿಗಿಯಾಗಿರಲಿ. ಫಿಲ್ಟರ್ ತೊಳೆದ ಮೇಲೆ ಅದಕ್ಕೆ ಹಾಕುವ ಎಣ್ಣೆ ಹೆಚ್ಚಾದರೆ ಸೆನ್ಸರ್ ಕೆಡಬಹುದು.

ಎಂಜಿನ್ ಆಯಿಲ್ ಬೇಗ ಇಳಿದರೆ, ನೀಲಿ ಹೊಗೆ ಬಂದರೆ ರಿಂಗು ಸವೆದಿರಬಹುದು; ಅನುಭವಿ ಮೆಕ್ಯಾನಿಕ್ ಬಳಿ ಕಂಪ್ರೆಷನ್ ಪರೀಕ್ಷೆ ಮಾಡಿಸಿ.