ಸೇಂಟ್ ಗಾಲ್ ಮಠದ ಗ್ರಂಥಭಂಡಾರ

ದಾಸೋಹವೂ ವಿದ್ಯಾದಾನವೂ ಒಂದೇ ಸೂರಿನಡಿ ನಡೆಯುವುದು ಕನ್ನಡ ನಾಡಿನ ಮಠಗಳಿಗೆ ಹೊಸದಲ್ಲ. ದೂರದ ಯುರೋಪಿನಲ್ಲಿಯೂ ಇಂತಹುದೇ ಪರಂಪರೆಯೊಂದು ಬೆಳೆದು ಬಂದುದಕ್ಕೆ ಸ್ವಿಟ್ಜರ್ಲೆಂಡಿನ ಸೇಂಟ್ ಗಾಲ್ ಮಠವು ಉಜ್ವಲ ನಿದರ್ಶನವಾಗಿದೆ. ಕ್ರಿ.ಶ. 612ರ ಸುಮಾರಿಗೆ ಗಾಲಸ್ ಎಂಬ ವಿರಕ್ತನು ಅಲ್ಲಿಯ ಕಾಡಿನಲ್ಲಿ ಕುಟೀರ ಕಟ್ಟಿಕೊಂಡು ತಪೋನಿರತನಾದನು. ಆ ಪುಣ್ಯಸ್ಥಳದಲ್ಲಿಯೇ 719ರಲ್ಲಿ ಓಟ್ಮಾರನು ಮಠವನ್ನು ಸ್ಥಾಪಿಸಿದನು.

ಒಂಬತ್ತನೆಯ ಶತಮಾನದ ಆದಿಭಾಗದಲ್ಲಿ ಚರ್ಮಪಟದ ಮೇಲೆ ರಚಿತವಾದ ಆದರ್ಶ ಮಠದ ನಕ್ಷೆಯೊಂದು ಇಂದಿಗೂ ಅಲ್ಲಿ ಸುರಕ್ಷಿತವಾಗಿದೆ. ಅದರಲ್ಲಿ ದೇವಾಲಯಕ್ಕೆ ಹೊಂದಿಕೊಂಡು ಕೆಳಗೆ ಲಿಪಿಕಾರರ ಕೊಠಡಿ, ಮೇಲೆ ಗ್ರಂಥಾಲಯ. ಪ್ರಾರ್ಥನೆಯಷ್ಟೇ ಪವಿತ್ರವಾದ ಕಾಯಕ ಬರವಣಿಗೆ ಎಂಬ ಭಾವನೆಯು ಈ ವಿನ್ಯಾಸದಲ್ಲಿಯೇ ವ್ಯಕ್ತವಾಗುತ್ತದೆ.

ಈಗಿರುವ ಭವ್ಯ ಸಭಾಂಗಣವನ್ನು 1758ರಿಂದ 1767ರ ಅವಧಿಯಲ್ಲಿ ಪೀಟರ್ ತುಂಬ್ ಎಂಬ ಶಿಲ್ಪಿಯ ಯೋಜನೆಯಂತೆ ನಿರ್ಮಿಸಿ ಅಲಂಕರಿಸಲಾಯಿತು. ಅಲೆಯಂತೆ ಬಳುಕುವ ಮರದ ಮೇಲಂಕಣ, ಕುಸುರಿಗೆಲಸದ ಕಪಾಟುಗಳು, ಛಾವಣಿಯಲ್ಲಿ ಕ್ರೈಸ್ತಧರ್ಮದ ಮೊದಲ ನಾಲ್ಕು ಮಹಾಸಭೆಗಳ ವರ್ಣಚಿತ್ರಗಳು ನೋಡುಗರ ಮನಸ್ಸನ್ನು ಸೆರೆಹಿಡಿಯುತ್ತವೆ. ಮರದ ನೆಲ ಸವೆಯದಿರಲೆಂದು ಸಂದರ್ಶಕರು ಮೃದುವಾದ ಮೆಟ್ಟುಗಳನ್ನು ತೊಟ್ಟೇ ಒಳಗೆ ಕಾಲಿಡಬೇಕು. ಬಾಗಿಲಿನ ಮೇಲೆ ಗ್ರೀಕ್ ಭಾಷೆಯ ಎರಡೇ ಪದಗಳಿವೆ; ಅವುಗಳ ಅರ್ಥ ‘ಆತ್ಮದ ಚಿಕಿತ್ಸಾಲಯ’. ದೇಹದ ರೋಗಕ್ಕೆ ಔಷಧಿಯಿರುವಂತೆ ಅಜ್ಞಾನಕ್ಕೆ ಗ್ರಂಥವೇ ಔಷಧಿ ಎಂಬುದು ಅದರ ತಾತ್ಪರ್ಯ.

ಇಲ್ಲಿರುವ ಸುಮಾರು 2,100 ಹಸ್ತಪ್ರತಿಗಳಲ್ಲಿ 400ರಷ್ಟು ಕ್ರಿ.ಶ. 1000ಕ್ಕಿಂತ ಹಿಂದಿನವು. ಇವು ಸುಲಭವಾಗಿ ಉಳಿದು ಬಂದವಲ್ಲ. 926ರಲ್ಲಿ ಹಂಗೇರಿಯನ್ನರ ದಾಳಿ ಸನ್ನಿಹಿತವಾದಾಗ ವಿಬೋರಾದಾ ಎಂಬ ಏಕಾಂತವಾಸಿನಿ ತಪಸ್ವಿನಿಯು ಮೊದಲೇ ಎಚ್ಚರಿಸಿದಳೆಂದೂ ಅದರಿಂದಾಗಿ ಗ್ರಂಥಗಳನ್ನು ರೈಖೆನಾವ್ ದ್ವೀಪದ ಮಠಕ್ಕೆ ಸಾಗಿಸಲಾಯಿತೆಂದೂ ಐತಿಹ್ಯವಿದೆ. ತಾನು ಮಾತ್ರ ಕುಟೀರವನ್ನು ಬಿಡದೆ ಶತ್ರುಗಳ ಕೈಯಲ್ಲಿ ಹತಳಾದಳು. ಆಕೆಯನ್ನು ಗ್ರಂಥಾಲಯಗಳ ರಕ್ಷಕಳೆಂದು ಇಂದಿಗೂ ಗೌರವಿಸುತ್ತಾರೆ.

ಶತ್ರುವಿನ ಖಡ್ಗದಿಂದ ಉಳಿದುದು ಸ್ವಂತದವರ ಔದಾಸೀನ್ಯದಿಂದ ನಾಶವಾಗುವ ಸ್ಥಿತಿಯೂ ಒದಗಿತು. 1416ರಲ್ಲಿ ಇಟಲಿಯ ವಿದ್ವಾಂಸ ಪೊಜ್ಜೊ ಬ್ರಾಚ್ಚೊಲೀನಿ ಅಲ್ಲಿಗೆ ಬಂದಾಗ ಗೋಪುರವೊಂದರ ತಳದ ಕತ್ತಲೆಯಲ್ಲಿ ಪುಸ್ತಕಗಳು ಧೂಳು ತಿನ್ನುತ್ತಿದ್ದವು. ಅವುಗಳ ನಡುವೆ ಆತನಿಗೆ ದೊರೆತುದು ರೋಮಿನ ಶಿಕ್ಷಣತಜ್ಞ ಕ್ವಿಂಟಿಲಿಯನ್ನನ ಕೃತಿಯ ಪೂರ್ಣ ಪಾಠ. ಮಕ್ಕಳನ್ನು ಹೊಡೆದು ಕಲಿಸಬಾರದೆಂದು ಒಂದನೆಯ ಶತಮಾನದಲ್ಲಿಯೇ ಸಾರಿದ ಆ ಗ್ರಂಥದ ಪೂರ್ಣ ರೂಪವು ಅಂದಿನ ವಿದ್ವಾಂಸರಿಗೆ ಅಲಭ್ಯವಾಗಿತ್ತು. ಪ್ರತಿಯನ್ನು ಕಾಪಾಡಿದುದು ಆ ಮಠವೇ, ಮರೆತುದೂ ಆ ಮಠವೇ. ಓದುವ ಕಣ್ಣೊಂದು ಬಂದಾಗ ಮಾತ್ರ ಅದಕ್ಕೆ ಮರುಜೀವ ಬಂದಿತು.

1712ರ ಯುದ್ಧದಲ್ಲಿ ಅನೇಕ ಗ್ರಂಥಗಳು ಜೂರಿಚ್ ಮತ್ತು ಬರ್ನ್ ಪಡೆಗಳ ಪಾಲಾದವು. 1805ರಲ್ಲಿ ಮಠವೇ ವಿಸರ್ಜನೆಯಾಯಿತು. ಗ್ರಂಥಾಲಯ ಮಾತ್ರ ಉಳಿಯಿತು. 1983ರಲ್ಲಿ ಯುನೆಸ್ಕೋ ಸಂಸ್ಥೆಯು ಈ ಮಠದ ಆವರಣವನ್ನು ವಿಶ್ವ ಪರಂಪರೆಯ ತಾಣವೆಂದು ಘೋಷಿಸಿತು. ಈಗ ಅಲ್ಲಿಯ ಅನೇಕ ಹಸ್ತಪ್ರತಿಗಳ ಛಾಯಾಪ್ರತಿಗಳು ಅಂತರ್ಜಾಲದಲ್ಲಿ ಸರ್ವರಿಗೂ ಲಭ್ಯವಿವೆ.

ಈ ಇತಿಹಾಸವು ಕನ್ನಡಿಗರಿಗೆ ಅಪರಿಚಿತವೆನಿಸದು. ಮಠಗಳ ಗೂಡುಗಳಲ್ಲಿ, ಭಕ್ತರ ಮನೆಗಳ ಅಟ್ಟಗಳಲ್ಲಿ ಅಡಗಿದ್ದ ಓಲೆಗರಿಯ ಕಟ್ಟುಗಳನ್ನು ಅರಸಿ ಅಲೆದ ಫ.ಗು. ಹಳಕಟ್ಟಿಯವರು 1923ರಲ್ಲಿ ‘ವಚನಶಾಸ್ತ್ರಸಾರ’ವನ್ನು ಪ್ರಕಟಿಸಿದರು. ಶರಣರ ನುಡಿಯು ಅಚ್ಚಿನ ಮೂಲಕ ಮನೆಮನೆಗೆ ತಲುಪಲು ಅಂತಹ ಪರಿಶ್ರಮವೇ ಕಾರಣವಾಯಿತು. ಗ್ರಂಥಾಲಯಕ್ಕೆ ಕಟ್ಟಡವನ್ನು ದಾನಿಗಳು ಕೊಡಬಲ್ಲರು, ಕಪಾಟುಗಳನ್ನು ಬಡಗಿ ಕೊಡಬಲ್ಲನು. ಅದಕ್ಕೆ ಪ್ರಾಣವನ್ನು ಕೊಡತಕ್ಕವರು ಪುಸ್ತಕವನ್ನು ತೆರೆದು ವಿದ್ಯಾರ್ಥಿಯ ಕೈಗಿಡುವ ಶಿಕ್ಷಕರು ಮತ್ತು ಅದನ್ನು ಓದುವ ವಿದ್ಯಾರ್ಥಿಗಳು.